ಇಸ್ತಾಂಬುಲ್ 2005: ಪೂರ್ತಿ ಪಂದ್ಯ ತೋರಿಸುವಾಗ ಎಲ್ಲೆಲ್ಲಿ ನಿಲ್ಲಿಸಬೇಕು?

ಕಾಪ್ ಕನ್ನಡಿಗ (ಪ್ರಶ್ನೆ)

ಈ ಸಲ ಮೇ 25ಕ್ಕೆ 2005ರ ಲಿವರ್‌ಪೂಲ್–ಎ.ಸಿ. ಮಿಲಾನ್ ಚಾಂಪಿಯನ್ಸ್ ಲೀಗ್ (ಯೂರೋಪಿನ ಕ್ಲಬ್ ಫುಟ್‌ಬಾಲ್ ಕಪ್) ಫೈನಲ್‌ನ ಪೂರ್ತಿ ರೆಕಾರ್ಡಿಂಗ್ ಹಾಕೋಣ ಅಂತ ನಮ್ಮ ಗುಂಪಿನಲ್ಲಿ ತೀರ್ಮಾನವಾಗಿದೆ. ಬರುವವರಲ್ಲಿ ಮುಕ್ಕಾಲು ಪಾಲು ಕ್ಲಾಪ್ ಲಿವರ್‌ಪೂಲ್ ಕೋಚ್ ಆಗಿ ಬಂದ ಮೇಲೆ ಈ ಕ್ಲಬ್ಬಿಗೆ ಮನಸೋತ ಹುಡುಗ ಹುಡುಗಿಯರು. ಆರು ನಿಮಿಷದಲ್ಲಿ ಮೂರು ಗೋಲು, ಪೆನಾಲ್ಟಿಯಲ್ಲಿ ಗೋಲಿ ಡುಡೆಕ್ ಕಾಲು ನಡುಗಿಸಿದ್ದು, ನಾಯಕ ಜೆರಾರ್ಡ್ ಕಪ್ಪಿಗೆ ಮುತ್ತಿಟ್ಟು ಎತ್ತಿದ್ದು, ಇಷ್ಟೂ ತುಣುಕು ಎಲ್ಲರಿಗೂ ಬಾಯಿಪಾಠ. ಪಂದ್ಯವನ್ನು ಮಾತ್ರ ಯಾರೂ ಮೊದಲಿಂದ ಕೊನೆತನಕ ನೋಡಿಲ್ಲ.

ನನಗೆ ಬೇಕಿರೋದು ಪವಾಡ, ಎದೆಗಾರಿಕೆ ಅನ್ನೋ ಮಾತಿನ ಆಚೆಗಿನ ವಿವರ. 3-0 ಆಗುವಷ್ಟು ಮೊದಲಾರ್ಧದಲ್ಲಿ ಏನು ಕೆಟ್ಟಿತ್ತು? ಹಾಫ್‌ಟೈಮಿಗೆ ಬದಲಿಯಾಗಿ ಹಾಮನ್ ಬಂದ ಮೇಲೆ ಯಾರು ಎಲ್ಲಿಗೆ ಸರಿದರು? 3-3 ಆದಮೇಲೂ ಇನ್ನೊಂದು ಗಂಟೆ ಆಟ ಇತ್ತಲ್ಲ, ಅದರಲ್ಲಿ ನೋಡುವಂಥದ್ದು ಏನಿದೆ? ಪೆನಾಲ್ಟಿಯಲ್ಲಿ ಡುಡೆಕ್ ಗೆರೆ ಬಿಟ್ಟು ಮುಂದೆ ಬಂದದ್ದು ಸರಿಯಾ ಅನ್ನೋ ಪ್ರಶ್ನೆ ಅಂತೂ ಬಂದೇ ಬರುತ್ತೆ. ನಿಮಿಷದ ಸಮೇತ ಹೇಳಿದರೆ ಅಲ್ಲಲ್ಲೇ ವಿಡಿಯೊ ನಿಲ್ಲಿಸಿ ತೋರಿಸಬಹುದು.

ಹದಿನಾರನೇ ಅಂಗಿ

ಒಳ್ಳೇ ಕೆಲಸ. ಮೊದಲು ಎರಡೂ ತಂಡಗಳನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಬಿಡಿ. ಹೆಸರು ಗೊತ್ತಿಲ್ಲದೆ ಮೊದಲಾರ್ಧ ಅರ್ಥವಾಗೋದಿಲ್ಲ.

ಲಿವರ್‌ಪೂಲ್: ಗೋಲಿನಲ್ಲಿ ಡುಡೆಕ್. ಹಿಂದೆ ಬಲದಿಂದ ಎಡಕ್ಕೆ ಫಿನ್ನನ್, ಕ್ಯಾರಗರ್, ಹೂಪಿಯಾ, ಟ್ರಾವೊರೆ. ನಡುವೆ ಗಾರ್ಸಿಯಾ, ಜೆರಾರ್ಡ್, ಅಲೊನ್ಸೊ, ರೀಸೆ. ಮುಂದೆ ಬಾರೋಶ್, ಅವನ ಬೆನ್ನಿಗೆ ಕ್ಯೂವೆಲ್. ಮಿಲಾನ್: ಡೀಡಾ, ಕಾಫು, ಸ್ಟಾಮ್, ನೆಸ್ಟಾ, ಮಾಲ್ದೀನಿ, ನಡುವೆ ವಜ್ರದ ಆಕಾರ, ತಳದಲ್ಲಿ ಪಿರ್ಲೊ, ಬಲಕ್ಕೆ ಗಟ್ಟೂಸೊ, ಎಡಕ್ಕೆ ಸೀಡಾರ್ಫ್, ತುದಿಯಲ್ಲಿ ಕಾಕಾ, ಮುಂದೆ ಶೆವ್ಚೆಂಕೊ, ಕ್ರೆಸ್ಪೊ.

ಈಗ ಲೆಕ್ಕ ಹಾಕಿ. ಮೈದಾನದ ನಡುಭಾಗದಲ್ಲಿ ಮಿಲಾನ್‌ಗೆ ನಾಲ್ಕು ಜನ. ನಮಗೆ ಜೆರಾರ್ಡ್ ಮತ್ತು ಅಲೊನ್ಸೊ, ಇಬ್ಬರೇ. ಗಾರ್ಸಿಯಾ, ರೀಸೆ ಇಬ್ಬರೂ ಅಂಚಿನಲ್ಲಿ. ಮಿಲಾನ್‌ಗೆ ವಿಂಗರ್‌ಗಳೇ (ಅಂಚಿನಲ್ಲಿ ಮುಂದೆ ಆಡುವವರು) ಇಲ್ಲ, ಹಾಗಾಗಿ ಫಿನ್ನನ್ ಮತ್ತು ಟ್ರಾವೊರೆ ಬಹಳ ಹೊತ್ತು ಯಾರೂ ಇಲ್ಲದ ಜಾಗ ಕಾಯ್ತಾ ನಿಂತಿದ್ದರು. ಹಾಮನ್‌ನನ್ನು ಬೆಂಚಿನಲ್ಲಿ ಕೂರಿಸಿ ಕ್ಯೂವೆಲ್‌ನನ್ನು ಇಳಿಸಿದ್ದು ನಮ್ಮ ಕೋಚ್ ಬೆನಿಟೆಜ್ ತೆಗೆದುಕೊಂಡ ದೊಡ್ಡ ಪಣ. ಆ ಪಣ ಸೋತಿತು. ಇದನ್ನು ಮುಚ್ಚಿಡಬೇಕಿಲ್ಲ. ಅದೇ ಮನುಷ್ಯ ಹಾಫ್‌ಟೈಮಿನ ಹದಿನೈದು ನಿಮಿಷದಲ್ಲಿ ಅದನ್ನು ತಿದ್ದಿದ್ದಕ್ಕೇ ಈ ಗೆಲುವು ಇಷ್ಟು ದೊಡ್ಡದು.

ಮೊದಲ ಗೋಲು ಪಂದ್ಯ ಶುರುವಾಗಿ ಒಂದು ನಿಮಿಷ ತುಂಬುವ ಮೊದಲೇ. ಟ್ರಾವೊರೆ ಕಾಕಾನನ್ನು ಬೀಳಿಸಿದ, ಪಿರ್ಲೊ ಫ್ರೀಕಿಕ್ ಹಾಕಿದ, ಮಾಲ್ದೀನಿ ಬಲಗಾಲಿನಲ್ಲಿ ನೆಲಕ್ಕೆ ಬೀಳುವ ಮೊದಲೇ ಹೊಡೆದ. ಇಲ್ಲಿ ವಿಡಿಯೊ ನಿಲ್ಲಿಸೋ ಅಗತ್ಯವಿಲ್ಲ. ಫ್ರೀಕಿಕ್ ಗೋಲು ಯಾವ ಜೋಡಣೆಗೂ ಆಗುವಂಥದ್ದು.

ನಿಲ್ಲಿಸಬೇಕಾದದ್ದು 39 ಮತ್ತು 44ನೇ ನಿಮಿಷದಲ್ಲಿ. 39ರಲ್ಲಿ ಆ ಕಡೆ ಪೆನಾಲ್ಟಿ ಬಾಕ್ಸಿನಲ್ಲಿ ನೆಸ್ಟಾ ಕೈಗೆ ಚೆಂಡು ತಾಗಿತು ಅಂತ ನಮ್ಮವರು ಕೈಯೆತ್ತಿ ನಿಂತರು. ರೆಫರಿ ಮೆಹೂತೊ ಗೊನ್ಸಾಲೆಸ್ ಸೀಟಿ ಊದಲಿಲ್ಲ. ಚೆಂಡು ಕಾಕಾ ಕಾಲಿಗೆ ಬಂತು, ಅಲ್ಲಿಂದ ಬಲಗಡೆ ಶೆವ್ಚೆಂಕೊಗೆ, ಅವನಿಂದ ಅಡ್ಡ ಪಾಸು, ದೂರದ ಕಂಬದ ಬಳಿ ಕ್ರೆಸ್ಪೊ. ಕಾಕಾ ಕಾಲಿಗೆ ಚೆಂಡು ಬಂದ ಕ್ಷಣದಲ್ಲಿ ನಿಲ್ಲಿಸಿ, ಅವನ ಸುತ್ತ ಎಷ್ಟು ಹುಲ್ಲು ಖಾಲಿ ಇದೆ ಅಂತ ತೋರಿಸಿ.

44ರ ಗೋಲು ಇನ್ನೂ ಸ್ಪಷ್ಟ. ಕಾಕಾ ಗೋಲಿಗೆ ಬೆನ್ನು ಮಾಡಿ ಪಾಸು ತಗೊಂಡು, ಅದೇ ಉಸಿರಿಗೆ ತಿರುಗಿ ಜೆರಾರ್ಡ್‌ನನ್ನು ದಾಟಿಬಿಡ್ತಾನೆ. ದಾಟಿದ ಮೇಲೆ ಅವನಿಗೂ ಡಿಫೆನ್ಸ್‌ಗೂ ನಡುವೆ ಕೆಂಪು ಅಂಗಿಯವರು ಒಬ್ಬರೂ ಇಲ್ಲ. ಅಷ್ಟು ದೂರದಿಂದ ಕ್ಯಾರಗರ್‌ನ ಕಾಲಿಗೆ ಕೂದಲೆಳೆಯಷ್ಟರಲ್ಲಿ ಸಿಗದ ಹಾಗೆ ಪಾಸು ಕೊಟ್ಟ. ಕ್ರೆಸ್ಪೊ ಒಂದೇ ಮುಟ್ಟಿಗೆ ಡುಡೆಕ್ ಮೇಲಿಂದ ಎತ್ತಿ ಹಾಕಿದ. ಎದುರಾಳಿಯ ಗೋಲಾದರೂ ನೋಡಲು ಬಹಳ ಚೆಂದ, ಅದನ್ನು ಹುಡುಗರಿಗೆ ಹೇಳಿಯೇ ತೋರಿಸಿ.

ಆ ಖಾಲಿ ಜಾಗವೇ ಇಡೀ ಪಂದ್ಯದ ಕೀಲಿ. ಹಾಮನ್ ಬಂದದ್ದು ಅಲ್ಲಿ ನಿಲ್ಲೋಕೆ.

ಎರಡನೇ ಅರ್ಧದ ಜೋಡಣೆ ಹೀಗೆ: ಹಿಂದೆ ಮೂವರು, ಕ್ಯಾರಗರ್, ಹೂಪಿಯಾ, ಟ್ರಾವೊರೆ. ಬಲ ಅಂಚಿಗೆ ಸ್ಮಿಟ್ಸರ್, ಎಡ ಅಂಚಿಗೆ ರೀಸೆ. ನಡುವೆ ಹಾಮನ್ ಮತ್ತು ಅಲೊನ್ಸೊ, ಅವರ ಮುಂದೆ ಜೆರಾರ್ಡ್ ಮತ್ತು ಗಾರ್ಸಿಯಾ, ತುದಿಗೆ ಬಾರೋಶ್. ಈಗ ಮತ್ತೆ ಎಣಿಸಿ. ಹಿಂದೆ ಇಬ್ಬರು ಸ್ಟ್ರೈಕರ್‌ಗಳಿಗೆ ಮೂವರು. ನಡುವೆ ನಾಲ್ವರಿಗೆ ನಾಲ್ವರು. ಅಂಚಿನಲ್ಲಿ ರೀಸೆ ಕಾಫುವನ್ನೂ ಸ್ಮಿಟ್ಸರ್ ಮಾಲ್ದೀನಿಯನ್ನೂ ಹಿಂದಕ್ಕೆ ತಳ್ಳಬಹುದು. ಜೆರಾರ್ಡ್‌ಗೆ ಕಾಕಾನನ್ನು ಕಾಯುವ ಕೆಲಸ ತಪ್ಪಿತು, ಪಿರ್ಲೊ ಬೆನ್ನಿಗೆ ನುಗ್ಗುವ ಕೆಲಸ ಸಿಕ್ಕಿತು.

46ನೇ ನಿಮಿಷದಿಂದ 53ರವರೆಗೆ ಮುಂದಕ್ಕೆ ಓಡಿಸದೆ ಮಾಮೂಲಿ ವೇಗದಲ್ಲೇ ಬಿಡಿ. ಗೋಲು ಆಗದ ಆ ಏಳೆಂಟು ನಿಮಿಷದಲ್ಲೇ ಬದಲಾವಣೆ ಕಣ್ಣಿಗೆ ಕಾಣುತ್ತೆ.

ಮಲಪ್ರಭಾ ರೆಡ್ಸ್

ಹದಿನಾರನೇ ಅಂಗಿಯವರು ಹೇಳಿದ್ದು ಖರೇ ಐತ್ರಿ. ಆದ್ರ ಎಲ್ಲಾ ಹಾಮನ್ ಲೆಕ್ಕಕ್ಕ ಹಾಕಬ್ಯಾಡ್ರಿ. ಆ ಜೋಡಣಿ ಹೆಂಗ ಬಂತು ಅನ್ನೂದನ್ನೂ ಹುಡುಗರಿಗೆ ಹೇಳ್ರಿ, ಯಾಕಂದ್ರ ಅದರಾಗ ಟ್ರಾವೊರೆಂದು ದೊಡ್ಡ ಪಾಲು ಐತಿ.

ಹಾಫ್‌ಟೈಮಿನಾಗ ಬೆನಿಟೆಜ್ ಮೊದಲು ಹೊರಗ ಕರ್ಯಾಕ ನೋಡಿದ್ದು ಟ್ರಾವೊರೆನ್ನ. ನಿಂದು ಮುಗೀತು ಅಂತ ಅವಗ ಹೇಳೂ ಬಿಟ್ಟಿದ್ರು. ಅಷ್ಟರಾಗ ಫಿಸಿಯೊ ಬಂದು ಫಿನ್ನನ್ನಗ ಪೆಟ್ಟಾಗೈತಿ, ಇಡೀ ಪಂದ್ಯ ಎಳ್ಯಾಕ ಆಗೂದಿಲ್ಲ ಅಂದ. ಆಗ ಬದಲಿ ಮೂರೇ ಮೂರು ಇರ್ತಿದ್ವು. ಕ್ಯೂವೆಲ್ 23ನೇ ನಿಮಿಷಕ್ಕ ತೊಡಿಸಂದಿ ನೋವಿಂದ ಹೊರಗ ಹೋಗಿ ಸ್ಮಿಟ್ಸರ್ ಬಂದಿದ್ದ, ಅಲ್ಲಿಗೆ ಒಂದು ಖರ್ಚ. ಹಾಮನ್ ಎರಡನೇದು. ಫಿನ್ನನ್ನನ ಒಳಗ ಇಟಗೊಂಡು ಅವ ನಡುವ ಕುಂತಬಿಟ್ರ ಮೂರನೇದೂ ಹೋಗ್ತಿತ್ತು. ಅದಕ್ಕ ಫಿನ್ನನ್ ಹೊರಗ, ಟ್ರಾವೊರೆ ವಾಪಸ್ ಒಳಗ.

ಹಿಂಗ ಉಳಿದಾವನ 70ನೇ ನಿಮಿಷದ ಹೊತ್ತಿಗೆ ಶೆವ್ಚೆಂಕೊ ಹೊಡೆತಾನ ಗೋಲ್ ಗೆರಿ ಮ್ಯಾಲಿಂದ ತಗದು ಹಾಕಿದ. ಮೊದಲನೇ ಗೋಲಿನ ಫೌಲ್ ಮಾಡಿದಾವನೂ ಅವನ, ಅಂಗಿ ಕಳಚಾಕ ಹೊಂಟಾವನೂ ಅವನ, ಕಡೀಕ 3-3 ಉಳಿಸಿದಾವನೂ ಅವನ. ಅಲ್ಲಿ ಕಡ್ಡಾಯ ನಿಲ್ಲಸ್ರಿ. ಜೆರಾರ್ಡ್, ಡುಡೆಕ್ ಹೆಸರು ಎಲ್ಲಾರ ಬಾಯಾಗ ಅದಾವು, ಟ್ರಾವೊರೆ ಹೆಸರು ಹೇಳಾವರು ಕಡಿಮಿ.

ಇನ್ನ ಆ ಆರು ನಿಮಿಷ.

54: ರೀಸೆ ಎಡಗಡೆಯಿಂದ ಹಾಕಿದ ಮೊದಲನೇ ಕ್ರಾಸ್ ಕಾಫುಗ ಬಡದು ವಾಪಸ್ ಅವನ ಕಾಲಿಗೇ ಬಂತು. ಎರಡನೇ ಸಲ ಹಾಕಿದ್ದು ಜೆರಾರ್ಡ್ ತಲಿಗೆ. ಜೆರಾರ್ಡ್ ಅಲ್ಲಿ ಯಾಕಿದ್ದ? ಹಿಂದ ಹಾಮನ್ ಇದ್ದಾನ ಅಂತ. ಹೆಡರ್ ಡೀಡಾನ ದಾಟಿ ದೂರದ ಮೂಲಿಗೆ ಹೋತು. ಗೋಲ್ ಆದ ಮ್ಯಾಲ ವಾಪಸ್ ಓಡುವಾಗ ಎರಡೂ ಕೈ ಮ್ಯಾಲೆತ್ತಿ ಜನರನ್ನ ಎಬ್ಬಸ್ತಾನ ನೋಡ್ರಿ, ಆ ಓಟ ಪೂರ್ತಿ ತೋರಸ್ರಿ.

56: ಹಾಮನ್ ಅಡ್ಡ ಪಾಸು, ಸ್ಮಿಟ್ಸರ್ ದೂರದಿಂದ ನೆಲಕ್ಕ ಹತ್ತಿಸಿ ಹೊಡೆದ. ಬಾರೋಶ್ ಚೆಂಡಿನ ದಾರಿಯಿಂದ ಮೈ ಸರಿಸಿದ್ದನ್ನ ನಿಧಾನಕ್ಕ ಹಾಕಿ ತೋರಸ್ರಿ. ಡೀಡಾ ಕೈ ಹತ್ತಿದ್ರೂ ನಿಲ್ಲಿಸಾಕ ಆಗಲಿಲ್ಲ.

60: ಕ್ಯಾರಗರ್, ಹೌದು, ಡಿಫೆಂಡರ್ ಕ್ಯಾರಗರ್, ಚೆಂಡ ತಗೊಂಡು ಮಿಲಾನ್ ಅರ್ಧದಾಗ ನುಗ್ಗಿ ಬಾರೋಶ್‌ಗ ಕೊಟ್ಟ. ಬಾರೋಶ್ ಮೆಲ್ಲಕ ಜೆರಾರ್ಡ್ ದಾರಿಗೆ ತಳ್ಳಿದ. ಗಟ್ಟೂಸೊ ಹಿಂದಿಂದ ಬೀಳಿಸಿದ, ಪೆನಾಲ್ಟಿ. ಅಲೊನ್ಸೊ ಬಲಗಾಲಿಂದ ಹೊಡೆದದ್ದನ್ನ ಡೀಡಾ ತಡದ. ವಾಪಸ್ ಬಂದ ಚೆಂಡನ್ನ ಅಲೊನ್ಸೊ ಎಡಗಾಲಿಂದ ಬಲಿಯ ಮಾಡಿಗೆ ಏರಿಸಿದ. ಹಿಂದ ಮೂವರು ಇದ್ದಾರ ಅನ್ನೂ ಧೈರ್ಯ ಇಲ್ಲದಿದ್ರ ಕ್ಯಾರಗರ್ ಅಷ್ಟು ಮುಂದ ಹೋಗ್ತಾನ ಇರಲಿಲ್ಲ.

ರೊಸ್ಸೊನೇರಿ ಬೆಂಗಳೂರು

ಮಿಲಾನ್ ಕಡೆಯಿಂದ ಒಂದಷ್ಟು ಸೇರಿಸ್ತೀನಿ. ತೋರಿಸುವಾಗ ದಯವಿಟ್ಟು ಒಂದು ಕಥೆಯನ್ನು ಬಿಟ್ಟುಬಿಡಿ: ಹಾಫ್‌ಟೈಮಿನಲ್ಲಿ ಮಿಲಾನ್ ಆಟಗಾರರು ಆಗಲೇ ಗೆದ್ದೆವು ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಕುಣಿದರು ಅನ್ನೋದು. ಅಲ್ಲಿದ್ದ ಆಟಗಾರರು ಅದನ್ನು ಅಲ್ಲಗಳೆದಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ರೆಕಾರ್ಡಿಂಗೇ ಬೇರೆ ಮಾತು ಹೇಳುತ್ತೆ. ಜೆರಾರ್ಡ್ ಗೋಲಿಗೆ ಸ್ವಲ್ಪವೇ ಮೊದಲು ಶೆವ್ಚೆಂಕೊ ಫ್ರೀಕಿಕ್‌ನಲ್ಲಿ ಗೋಲಿನತ್ತ ಬಿರುಸಾಗಿ ಹೊಡೆದಿದ್ದ, ಡುಡೆಕ್ ತಡೆದ. ಅದು ಹೋಗಿದ್ದರೆ 4-0. ಸೋಮಾರಿಯಾದ ತಂಡ ಹಾಗೆ ಆಡೋದಿಲ್ಲ.

ಕೆಟ್ಟದ್ದು ಎಲ್ಲಿ ಅಂದರೆ, ವಜ್ರದ ಜೋಡಣೆಗೆ ಒಂದು ಹುಟ್ಟುದೋಷ ಇದೆ. ಅಂಚಿನಲ್ಲಿ ಒಬ್ಬನೇ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್). ಎದುರಾಳಿ ವಿಂಗ್‌ಬ್ಯಾಕ್ (ಅಂಚಿನುದ್ದಕ್ಕೂ ಹಿಂದೆ ಮುಂದೆ ಆಡುವವನು) ಇಟ್ಟು ಅವನನ್ನು ಕೆಳಗೆ ಕಟ್ಟಿಹಾಕಿದರೆ, ಗಟ್ಟೂಸೊ, ಸೀಡಾರ್ಫ್ ಅಂಚಿಗೆ ಓಡಬೇಕಾಗುತ್ತೆ. ಅವರು ಓಡಿದ ತಕ್ಷಣ ಪಿರ್ಲೊ ಒಂಟಿ. ಜೆರಾರ್ಡ್‌ನ ಹೆಡರ್ ಇರಲಿ, ಪೆನಾಲ್ಟಿ ಸಿಕ್ಕ ಓಟ ಇರಲಿ, ಎರಡೂ ಪಿರ್ಲೊ ಆಸುಪಾಸಿನ ಜಾಗದಿಂದಲೇ ಬಂದವು. ಮೊದಲಾರ್ಧದಲ್ಲಿ ನಿಮ್ಮ ಕಡೆ ಇದ್ದ ತೂತು ಎರಡನೇ ಅರ್ಧದಲ್ಲಿ ನಮ್ಮ ಕಡೆ ಬಂತು, ಅಷ್ಟೇ.

ಹಾಗಂತ 3-3 ಆದ ಮೇಲೆ ಲಿವರ್‌ಪೂಲ್ ಆಳಿತು ಅಂತ ಹೇಳಿದರೆ ತಪ್ಪಾಗುತ್ತೆ. 60ರ ನಂತರ ಅವರು ಹಿಂದಕ್ಕೆ ಸರಿದರು. ಆರು ನಿಮಿಷ ಅಷ್ಟು ಓಡಿದ ಕಾಲು ಮತ್ತೆ ಓಡೋದಿಲ್ಲ. ಮಿಲಾನ್ ಮತ್ತೆ ಚೆಂಡು ಹಿಡಿದಿಟ್ಟಿತು, ಅವಕಾಶ ಮಾಡಿಕೊಂಡಿತು. ನಮ್ಮ ಕೋಚ್ ಆಂಚೆಲೊಟ್ಟಿ ಮೊದಲ ಬದಲಿಗಳನ್ನು ತಂದದ್ದು 85-86ರ ಹೊತ್ತಿಗೆ: ಕ್ರೆಸ್ಪೊ ಬದಲು ತೊಮಾಸನ್, ಸೀಡಾರ್ಫ್ ಬದಲು ಸೆರ್ಜಿನ್ಯೊ. ಅಂಚಿನಲ್ಲಿ ಅಗಲ ಬೇಕಿದ್ದದ್ದು 60ರಲ್ಲೇ. ಸೆರ್ಜಿನ್ಯೊ ಇಪ್ಪತ್ತು ನಿಮಿಷ ಮೊದಲು ಬಂದಿದ್ದರೆ ಅನ್ನೋದು ಮಿಲಾನ್ ಅಭಿಮಾನಿಗಳಲ್ಲಿ ಇವತ್ತಿಗೂ ಮುಗಿಯದ ಮಾತು. ಅವನು ಬಂದ ಮೇಲೆ ಎಡ ಅಂಚಿನಿಂದ ಒಂದೇ ಸಮನೆ ಕ್ರಾಸ್ ಬಂದವು. ಅವನನ್ನು ತಡೆಯೋಕೆ ಜೆರಾರ್ಡ್ ಬಲ ವಿಂಗ್‌ಬ್ಯಾಕ್ ಆಗಿ ಕೆಳಗಿಳಿಯಬೇಕಾಯಿತು. ಹದಿನಾರನೇ ಅಂಗಿಯವರ ಪಟ್ಟಿಗೆ ಇದನ್ನು ಸೇರಿಸಿಕೊಳ್ಳಿ: ಒಂದೇ ಪಂದ್ಯದಲ್ಲಿ ಜೆರಾರ್ಡ್ ಮೂರು ಜಾಗದಲ್ಲಿ ಆಡಿದ. ನಡುವಿನಲ್ಲಿ ಶುರು, ಸ್ಟ್ರೈಕರ್ ಬೆನ್ನಿಗೆ ಗೋಲು, ಕೊನೆಗೆ ಬಲ ಅಂಚಿನಲ್ಲಿ ಕಾವಲು. ಹೆಚ್ಚುವರಿ ಸಮಯದಲ್ಲಿ ಅವನು ಸೆರ್ಜಿನ್ಯೊ ಕಾಲಿನಿಂದ ಚೆಂಡು ಕಸಿಯೋದನ್ನು ನೋಡುವಾಗ, ಎದುರಾಳಿ ಅಭಿಮಾನಿಗೂ ಕೈ ಮುಗಿಯೋಣ ಅನ್ನಿಸುತ್ತೆ.

2003ರಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಯುವೆಂಟಸ್ ಎದುರು ಪೆನಾಲ್ಟಿಯಲ್ಲಿ ಗೆದ್ದ ತಂಡವೇ ಇದು ಅನ್ನೋದೂ ನೆನಪಿರಲಿ. ಅವತ್ತು ಡೀಡಾ ಮೂರು ಪೆನಾಲ್ಟಿ ತಡೆದಿದ್ದ, ಗೆಲುವಿನ ಹೊಡೆತ ಶೆವ್ಚೆಂಕೊನದು. ಇಸ್ತಾಂಬುಲ್‌ನಲ್ಲಿ 120 ನಿಮಿಷ ಮುಗಿದಾಗ ಪೆನಾಲ್ಟಿಗೆ ಹೆಚ್ಚು ಭರವಸೆ ಇಟ್ಟುಕೊಳ್ಳಲು ಕಾರಣ ಇದ್ದದ್ದು ಮಿಲಾನ್‌ಗೆ.

ಕಾಪ್ ಕನ್ನಡಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರಾವೊರೆ ವಿಷಯ ಹುಡುಗರಿಗೆ ಖಂಡಿತ ಹೊಸದು. ರೊಸ್ಸೊನೇರಿ ಅವರೇ, ಆ ದಿನ ನೀವೂ ಬನ್ನಿ, ಬಿಳಿ ಅಂಗಿ ಹಾಕಿಕೊಂಡೇ ಬನ್ನಿ.

ಇನ್ನು ಪೆನಾಲ್ಟಿ ಭಾಗ ಯಾರಾದರೂ ಬಿಡಿಸಿ ಹೇಳಿ. ಮತ್ತೆ, ಆ ಕಪ್ ಲಿವರ್‌ಪೂಲ್‌ಗೇ ಶಾಶ್ವತವಾಗಿ ಉಳಿಯಿತು ಅಂತಾರಲ್ಲ, ಹೇಗೆ? ಈಗ ಗೆದ್ದವರಿಗೆ ಹಾಗೆ ಕೊಡೋದಿಲ್ಲವಲ್ಲ.

ಗೋಲ್‌ಲೈನ್

ಪೆನಾಲ್ಟಿಗೆ ಹೋಗುವ ಮೊದಲು 117ನೇ ನಿಮಿಷದ ಹತ್ತಿರ ನಿಲ್ಲಿಸಲೇಬೇಕು. ಸೆರ್ಜಿನ್ಯೊ ಎಡದಿಂದ ಕ್ರಾಸ್, ಶೆವ್ಚೆಂಕೊ ಕೆಲವೇ ಗಜ ದೂರದಿಂದ ಹೆಡರ್. ಚೆಂಡನ್ನು ನೆಲಕ್ಕೆ ಕುಟ್ಟಿ ಕಳಿಸಿದ, ಡುಡೆಕ್ ತಡೆದ. ತಡೆದ ಚೆಂಡು ಮತ್ತೆ ಶೆವ್ಚೆಂಕೊ ಕಾಲ ಬಳಿಗೇ ಬಿತ್ತು. ಡುಡೆಕ್ ಇನ್ನೂ ಸರಿಯಾಗಿ ಎದ್ದಿಲ್ಲ. ಶೆವ್ಚೆಂಕೊ ಅಷ್ಟು ಹತ್ತಿರದಿಂದ ಬಲವಾಗಿ ಹೊಡೆದ, ಅದು ಡುಡೆಕ್‌ನ ಕೈಗೆ ತಾಗಿ ಕ್ರಾಸ್‌ಬಾರ್ ಮೇಲಿಂದ ಹೋಯಿತು. ಎರಡನೆಯದನ್ನು ಗೋಲ್‌ಕೀಪಿಂಗ್ ದೃಷ್ಟಿಯಿಂದ ನೋಡಿ: ಅಲ್ಲಿ ಚೆಂಡು ನೋಡಿ ಕೈ ಆಡಿಸುವಷ್ಟು ಸಮಯ ಇಲ್ಲ. ಮೈಯನ್ನು ಎಷ್ಟು ಬೇಗ ಎತ್ತಿ ಎಷ್ಟು ದೊಡ್ಡದು ಮಾಡಿಕೊಳ್ಳಬಹುದೋ ಅಷ್ಟೇ. ಮೊದಲ ಸೇವ್ ಆದ ಮೇಲೆ ಮಲಗಿಬಿಡದೆ ಏಳಲು ಹೊರಟಿದ್ದ, ಅದಕ್ಕೇ ಕೈ ಆ ಎತ್ತರದಲ್ಲಿತ್ತು. ಸಾಮಾನ್ಯ ವೇಗದಲ್ಲಿ ಒಂದು ಸಲ, ನಿಧಾನವಾಗಿ ಎರಡು ಸಲ ಹಾಕಿ. ಹೆಡರ್ ಆದ ಮೇಲೆ ಶೆವ್ಚೆಂಕೊ ತಪ್ಪೇನೂ ಮಾಡಿಲ್ಲ ಅನ್ನೋದು ಮೂರನೇ ಸಲಕ್ಕೆ ಗೊತ್ತಾಗುತ್ತೆ.

ಆ ಹೊತ್ತಿಗೆ ಕ್ಯಾರಗರ್ ಕಾಲು ಸ್ನಾಯು ಹಿಡಿದು ನೆಲದ ಮೇಲೆ ಒದ್ದಾಡ್ತಿದ್ದ, ಎದ್ದು ಮತ್ತೆ ಅಡ್ಡ ಬೀಳ್ತಿದ್ದ. ಮೂರೂ ಬದಲಿ ಮುಗಿದಿತ್ತು. ಬಾರೋಶ್ ಜಾಗಕ್ಕೆ 85ರಲ್ಲಿ ಸಿಸ್ಸೆ ಬಂದದ್ದೇ ಕೊನೆಯದು.

ಈಗ ಪೆನಾಲ್ಟಿ, ವರಸೆ ಪ್ರಕಾರ. ಮೊದಲು ಮಿಲಾನ್.

ಸೆರ್ಜಿನ್ಯೊ ಕ್ರಾಸ್‌ಬಾರ್ ಮೇಲಿಂದ ಹೊಡೆದ. ಹಾಮನ್, ಪಾದದ ಮೂಳೆ ಮುರಿದಿದ್ದರೂ, ಗೋಲು ಹಾಕಿದ. ಪಿರ್ಲೊ ಹೊಡೆತವನ್ನು ಡುಡೆಕ್ ಬಲಕ್ಕೆ ಬಿದ್ದು ತಡೆದ. ಸಿಸ್ಸೆ ಗೋಲು, ಅಲ್ಲಿಗೆ ನಮಗೆ ಎರಡು, ಅವರಿಗೆ ಸೊನ್ನೆ. ತೊಮಾಸನ್ ಗೋಲು. ರೀಸೆ ಹೊಡೆತವನ್ನು ಡೀಡಾ ತಡೆದ. ಕಾಲಲ್ಲಿ ಅಷ್ಟು ಬಲ ಇರುವ ರೀಸೆ ಆ ಹೊತ್ತಿನಲ್ಲಿ ಬಲ ಬಿಟ್ಟು ಗುರಿ ಇಟ್ಟು ಹೊಡೆಯಲು ಹೋದ, ಅದು ಡೀಡಾಗೆ ಅನುಕೂಲವಾಯಿತು. ಕಾಕಾ ಗೋಲು, 2-2. ಸ್ಮಿಟ್ಸರ್ ಗೋಲು, 3-2. ಲಿವರ್‌ಪೂಲ್ ಅಂಗಿಯಲ್ಲಿ ಅವನ ಕೊನೆಯ ಪಂದ್ಯ ಅದು. ಗೋಲು ಹಾಕಿ ಎದೆಯ ಮೇಲಿನ ಲಾಂಛನಕ್ಕೆ ಮುತ್ತಿಟ್ಟ. ಆಮೇಲೆ ಶೆವ್ಚೆಂಕೊ. ಡುಡೆಕ್ ಬಲಕ್ಕೆ ಬಿದ್ದ, ಚೆಂಡು ಹೆಚ್ಚುಕಡಿಮೆ ನಡುವಿಗೇ ಬಂತು, ಹಿಂದೆ ಉಳಿದ ಎಡಗೈ ತಡೆಯಿತು. ಐದನೆಯದಕ್ಕೆ ಕಾದಿದ್ದ ಜೆರಾರ್ಡ್ ಹೊಡೆಯುವ ಪ್ರಮೇಯವೇ ಬರಲಿಲ್ಲ.

ಗೆರೆ ವಿಷಯ. ನಿಜ ಹೇಳಬೇಕು: ಪಿರ್ಲೊ ಹೊಡೆತದಲ್ಲಿ ಡುಡೆಕ್ ಗೆರೆ ಬಿಟ್ಟು ಸಾಕಷ್ಟು ಮುಂದೆ ಬಂದಿದ್ದ. ಆಗಿನ ನಿಯಮ, ಚೆಂಡು ಒದೆಯುವವರೆಗೆ ಗೋಲ್‌ಕೀಪರ್ ಎರಡು ಕಂಬದ ನಡುವೆ ಗೆರೆಯ ಮೇಲೇ, ಒದೆಯುವವನಿಗೆ ಮುಖ ಮಾಡಿ ಇರಬೇಕು ಅಂತ. ಗೆರೆಯ ಉದ್ದಕ್ಕೆ ಆ ಕಡೆ ಈ ಕಡೆ ಕುಣಿಯಬಹುದು, ಮುಂದೆ ಬರುವಂತಿಲ್ಲ. ಅಕ್ಷರಕ್ಕೆ ಅಂಟಿದರೆ ಮತ್ತೆ ಒದೆಯಿಸಬೇಕಿತ್ತು. ಆದರೆ ಆ ಕಾಲದಲ್ಲಿ ರೆಫರಿಗಳು ಇದಕ್ಕೆ ಸೀಟಿ ಊದುವುದು ತೀರ ವಿರಳ, ವಿಡಿಯೊ ನೋಡಿ ಹೇಳುವ ವಿಎಆರ್ ವ್ಯವಸ್ಥೆ ಕೂಡ ಇರಲಿಲ್ಲ. 2019ರಲ್ಲಿ ನಿಯಮ ಬದಲಾಗಿ, ಒದೆಯುವ ಕ್ಷಣಕ್ಕೆ ಕನಿಷ್ಠ ಒಂದು ಪಾದದ ಭಾಗ ಗೆರೆಯ ಮೇಲಾಗಲಿ ಗೆರೆಗೆ ನೇರವಾಗಲಿ ಇದ್ದರೆ ಸಾಕು ಅಂತಾಯಿತು. ಈಗಿನ ನಿಯಮದಲ್ಲೂ ಪಿರ್ಲೊದು ಮರು ಒದೆತವೇ. ಹುಡುಗರು ಕೇಳಿದರೆ ಹೀಗೇ ಹೇಳಿ.

ಕಾಲು ನಡುಗಿಸಿದ್ದಕ್ಕೆ ಮಾತ್ರ ಆಗ ಯಾವ ನಿಯಮದ ತಡೆಯೂ ಇರಲಿಲ್ಲ. 1984ರಲ್ಲಿ ರೋಮ್‌ನಲ್ಲಿ, ರೋಮಾ ತಂಡದ ಎದುರೇ, ಲಿವರ್‌ಪೂಲ್ ಗೋಲಿ ಬ್ರೂಸ್ ಗ್ರೊಬೆಲಾರ್ ಮೊಣಕಾಲು ಸೋತವರ ಹಾಗೆ ತೂರಾಡಿ ತೋರಿಸಿದ್ದ. ಗ್ರಾತ್ಸಿಯಾನಿ ಚೆಂಡನ್ನು ಮೇಲಕ್ಕೆ ಹೊಡೆದ, ಕಪ್ ನಮ್ಮದಾಯಿತು. ಇಸ್ತಾಂಬುಲ್‌ನಲ್ಲಿ ಪೆನಾಲ್ಟಿ ಶುರುವಾಗುವ ಮೊದಲು ಕ್ಯಾರಗರ್ ಓಡಿ ಹೋಗಿ ಡುಡೆಕ್‌ನನ್ನು ಹಿಡಿದು ಅದನ್ನೇ ನೆನಪಿಸಿದ. ಕೈ ಆಡಿಸುತ್ತಾ ಏನೋ ಹೇಳ್ತಿರುವ ಆ ದೃಶ್ಯ ರೆಕಾರ್ಡಿಂಗ್‌ನಲ್ಲಿದೆ. 1984ರ ತುಣುಕು ಮೊದಲು ಹಾಕಿ ಆಮೇಲೆ ಇದನ್ನು ಹಾಕಿದರೆ ಚೆನ್ನಾಗಿ ಕೂಡುತ್ತೆ.

ಐದು ನಕ್ಷತ್ರ

ಕಪ್ ಬಗ್ಗೆ. ಯೂರೋಪಿನ ಫುಟ್‌ಬಾಲ್ ಒಕ್ಕೂಟ ಯುಯೆಫಾದ ಆಗಿನ ನಿಯಮ ಹೀಗಿತ್ತು: ಒಂದೇ ಕ್ಲಬ್ ಒಟ್ಟು ಐದು ಸಲ ಗೆದ್ದರೆ, ಇಲ್ಲವೇ ಸತತ ಮೂರು ವರ್ಷ ಗೆದ್ದರೆ, ಅಸಲಿ ಕಪ್ಪನ್ನೇ ಇಟ್ಟುಕೊಳ್ಳಬಹುದು. ಲಿವರ್‌ಪೂಲ್ 1977ರಲ್ಲಿ ರೋಮ್‌ನಲ್ಲಿ, 1978ರಲ್ಲಿ ವೆಂಬ್ಲಿಯಲ್ಲಿ, 1981ರಲ್ಲಿ ಪ್ಯಾರಿಸ್‌ನಲ್ಲಿ, 1984ರಲ್ಲಿ ಮತ್ತೆ ರೋಮ್‌ನಲ್ಲಿ ಗೆದ್ದಿತ್ತು. ಇಸ್ತಾಂಬುಲ್ ಐದನೆಯದು. ಅವತ್ತು ಜೆರಾರ್ಡ್ ಎತ್ತಿದ ಕಪ್ಪೇ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಹೋಯಿತು, ಯುಯೆಫಾ ಮುಂದಿನ ವರ್ಷಕ್ಕೆ ಹೊಸದು ಮಾಡಿಸಿತು. 2009ರಿಂದ ಈ ಪದ್ಧತಿ ನಿಂತಿದೆ. ಅಸಲಿ ಯುಯೆಫಾ ಬಳಿಯೇ ಇರುತ್ತೆ, ಗೆದ್ದವರಿಗೆ ಪ್ರತಿಕೃತಿ. ಹಾಗಾಗಿ 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ಟಾಟನಂ ಎದುರು ಗೆದ್ದ ಆರನೆಯದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ನಿಯಮ ಈ ಗೆಲುವಿನಿಂದಲೇ ಬದಲಾಯಿತು. ಆ ಸೀಸನ್ ಇಂಗ್ಲೆಂಡಿನ ಲೀಗ್‌ನಲ್ಲಿ ಲಿವರ್‌ಪೂಲ್ ಐದನೇ ಸ್ಥಾನ, 58 ಅಂಕ. ನಾಲ್ಕನೇ ಸ್ಥಾನದಲ್ಲಿ ಅದೇ ಊರಿನ ಎವರ್ಟನ್. ಚಾಂಪಿಯನ್ಸ್ ಲೀಗಿನಲ್ಲಿ ಇಂಗ್ಲೆಂಡಿಗೆ ಇದ್ದದ್ದು ನಾಲ್ಕೇ ಜಾಗ. ಅಂದರೆ ಯೂರೋಪಿನ ಚಾಂಪಿಯನ್ನರಿಗೆ ಮುಂದಿನ ವರ್ಷ ಆಡಲು ಜಾಗವೇ ಇಲ್ಲ. ಯುಯೆಫಾ ಎವರ್ಟನ್ ಜಾಗ ಕಸಿಯದೆ, ಲಿವರ್‌ಪೂಲ್‌ಗೆ ತೀರ ಕೆಳಗಿನ ಮೊದಲ ಅರ್ಹತಾ ಸುತ್ತಿನಿಂದ ಆಡಲು ವಿಶೇಷ ಅನುಮತಿ ಕೊಟ್ಟಿತು. ಮೇ 25ಕ್ಕೆ ಫೈನಲ್, ಜುಲೈ ನಡುವಿಗೆ ವೇಲ್ಸ್‌ನ ಟಿಎನ್‌ಎಸ್ ಕ್ಲಬ್ ಎದುರು ಆನ್‌ಫೀಲ್ಡ್‌ನಲ್ಲಿ ಮೊದಲ ಅರ್ಹತಾ ಪಂದ್ಯ, 3-0, ಮೂರೂ ಜೆರಾರ್ಡ್‌ನವೇ. ಅಲ್ಲಿಂದಾಚೆ ಗೆದ್ದವರಿಗೆ ಮುಂದಿನ ವರ್ಷದ ಪ್ರವೇಶ ಖಾತ್ರಿ ಮಾಡಿದರು.

ಸಮಯ ಇದ್ದರೆ ಫೈನಲ್‌ಗೆ ಮೊದಲು 2004ರ ಡಿಸೆಂಬರ್ 8ರ ಒಲಿಂಪಿಯಾಕೋಸ್ ಪಂದ್ಯದ ಕೊನೆಯ ಹತ್ತು ನಿಮಿಷ ತೋರಿಸಿ. ಗುಂಪು ಹಂತದ ಕೊನೆ ಪಂದ್ಯ, 1-0 ಇಲ್ಲವೇ ಎರಡು ಗೋಲಿನ ಅಂತರದ ಗೆಲುವು ಬೇಕಿತ್ತು. 26ನೇ ನಿಮಿಷಕ್ಕೆ ರಿವಾಲ್ಡೊ ಫ್ರೀಕಿಕ್‌ನಲ್ಲಿ ಗೋಲು ಹಾಕಿದ್ದರಿಂದ ಮೂರು ಹಾಕಲೇಬೇಕಾಯಿತು. ವಿರಾಮದ ಬೆನ್ನಿಗೆ ಸಿನಾಮ ಪೊಂಗೋಲ್, 81ರಲ್ಲಿ ಮೆಲ್ಲರ್, 86ರಲ್ಲಿ ಜೆರಾರ್ಡ್ ದೂರದಿಂದ. ಅದು ಹೋಗದಿದ್ದರೆ ಇಸ್ತಾಂಬುಲ್ ಮಾತೇ ಇಲ್ಲ. ಆಮೇಲೆ ಲೆವರ್ಕೂಸನ್ ಎದುರು ಎರಡೂ ಕಡೆ 3-1, ಯುವೆಂಟಸ್ ಎದುರು 2-1 ಮತ್ತು 0-0, ಚೆಲ್ಸಿ ಎದುರು 0-0 ಮತ್ತು 1-0. ನಾಕೌಟ್‌ನಲ್ಲಿ ಯುವೆಂಟಸ್, ಚೆಲ್ಸಿ ಇಬ್ಬರಿಂದಲೂ ಸೇರಿ ತಿಂದದ್ದು ಒಂದೇ ಗೋಲು. ಅಷ್ಟು ಗಟ್ಟಿಯಾಗಿದ್ದ ಡಿಫೆನ್ಸ್ ಫೈನಲ್‌ನಲ್ಲಿ 45 ನಿಮಿಷಕ್ಕೆ ಮೂರು ತಿಂದಿತು ಅಂದರೆ, ತಪ್ಪು ಜನರದ್ದಲ್ಲ, ನಿಲ್ಲಿಸಿದ ಜಾಗದ್ದು ಅಂತ ಹದಿನಾರನೇ ಅಂಗಿಯವರು ಹೇಳಿದ್ದು ಇನ್ನೂ ಗಟ್ಟಿಯಾಗುತ್ತೆ.

ಒಂದು ಸಣ್ಣ ತಿದ್ದುಪಡಿ: ಭಾರತದ ಗಡಿಯಾರಕ್ಕೆ ಅದು ಮೇ 25 ಅಲ್ಲ. ಇಸ್ತಾಂಬುಲ್‌ನಲ್ಲಿ ರಾತ್ರಿ 9:45ಕ್ಕೆ ಶುರು, ನಮಗೆ ಮೇ 26ರ ಗುರುವಾರ, ನಡುರಾತ್ರಿ 12:15. ಅದೇ ಹೊತ್ತಿಗೆ ಸರಿಯಾಗಿ ಹಾಕುವುದಾದರೆ ಪೆನಾಲ್ಟಿ ಬರುವಷ್ಟರಲ್ಲಿ ಎರಡೂ ಮುಕ್ಕಾಲು ದಾಟಿರುತ್ತೆ.

ಹದಿನಾರನೇ ಅಂಗಿ

ಐದು ನಕ್ಷತ್ರ ಅವರ ಮಾತಿಗೆ ಸೇರಿಸಿ ಒಂದೇ ಒಂದು. ಹಾಫ್‌ಟೈಮ್ ಕತ್ತರಿಸಬೇಡಿ. ಬಹಳಷ್ಟು ರೆಕಾರ್ಡಿಂಗ್‌ಗಳಲ್ಲಿ ಅದನ್ನು ತೆಗೆದಿರ್ತಾರೆ, ಇರುವುದನ್ನು ಹುಡುಕಿ. ಅತಾತುರ್ಕ್ ಸ್ಟೇಡಿಯಂ ಊರಿನ ಪಶ್ಚಿಮದ ಅಂಚಿನಲ್ಲಿದೆ. ವಾಹನ ಸಾಗದೆ ಎಷ್ಟೋ ಜನ ಕೊನೆಯ ದೂರ ನಡೆದೇ ಬಂದಿದ್ದರು. ಮೈದಾನದ ಸುತ್ತ ಓಟದ ಪಥ ಇದ್ದದ್ದರಿಂದ ಆಟ ದೂರ ಕಾಣ್ತಿತ್ತು, ಸದ್ದೂ ಚದುರಿಹೋಗ್ತಿತ್ತು. ಅಂಥ ಕಡೆ, ಮೂರು ಗೋಲು ತಿಂದ ತಂಡದ ಜನ ಕೆಂಪು ಸ್ಕಾರ್ಫ್ ತಲೆ ಮೇಲೆ ಹಿಡಿದು ಕ್ಲಬ್ಬಿನ ಹಾಡು ಶುರುಮಾಡ್ತಾರೆ. ಮೊದಲು ನಿಧಾನವಾಗಿ ಬರುತ್ತೆ, ಹಾಗಾಗಿ ಟಿವಿಯ ಸೌಂಡು ಅಲ್ಲಿ ಸ್ವಲ್ಪ ಏರಿಸಿಡಿ.